ಅವ್ವನ ಸೀರೆ ಸೇರಿದ ಕೌದಿ

ಆಗ ಪುಣೆಯಲ್ಲಿ ಬ್ರಿಟಿಷರ ಆಳ್ವಿಕೆ, ನಮ್ಮ ಓಣಿಯಲ್ಲಿ ಹೆಂಗಸರ ಮಂಡಳದ ಆಳ್ವಿಕೆ. ಗಂಡಂದಿರ ನೌಕರಿಯ ಬೆನ್ನು ಹತ್ತಿ ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಕನ್ನಡದ ಹೆಂಗಸರೆಲ್ಲ ಗುರುವಾರ ಮಧ್ಯಾಹ್ನ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ತುಂಗಾಮಾವಶಿಯ ಪಡಸಾಲೆಯಲ್ಲಿ ಕೂಡುತ್ತಿದ್ದರು. ಮೊದಲು ಹಾಡು, ಆಮೇಲೆ ಒಗ್ಗರಣೆ ಅವಲಕ್ಕಿ, ಅದಾದ ಮೇಲೆ ಬಡ ಬಾಣಂತಿಯರಿಗಾಗಿ ಕೌದಿ. ಮನೆಮನೆಯಿಂದ ಬಂದ ಹಳೇ ಸೀರೆಗಳನ್ನು ಹರಿದು, ಪದರ ಪದರವಾಗಿ ಹಾಸಿ, ಸುತ್ತ ಕುಳಿತು ಹೊಲಿಯುತ್ತಿದ್ದರು. ನಾವು ಹುಡುಗಿಯರು ಸೂಜಿಗೆ ದಾರ ಪೋಣಿಸಿ ಕೊಟ್ಟು, ಉಳಿದ ಹೊತ್ತು ಹುಣಸೆಬೀಜದಲ್ಲಿ ಚೌಕಾಬಾರ ಆಡುತ್ತಿದ್ದೆವು.

ಮಂಡಳ ಕಟ್ಟಿದವರಲ್ಲಿ ನಮ್ಮವ್ವನೂ ಒಬ್ಬಳು. ದಾನಕ್ಕೆ ಬಂದ ಸೀರೆ ಮರಳಿ ಮನೆಗೆ ಹೋಗಬಾರದೆಂಬ ಕಟ್ಟಳೆ ಅವಳದೇ. ಯಾರೋ ತಾವು ಕೊಟ್ಟ ಸೀರೆಯನ್ನೇ ಮನಸ್ಸು ಬದಲಿಸಿ ಎತ್ತಿಕೊಂಡು ಹೋದಾಗ ಮಾಡಿದ್ದಂತೆ.

ಒಂದು ಮಳೆಗಾಲದಲ್ಲಿ ಅವ್ವ ವಿಷಮಜ್ವರದಿಂದ ತೀರಿಕೊಂಡಳು. ದೀಪಾವಳಿ ಕಳೆಯುವಷ್ಟರಲ್ಲಿ ಅಪ್ಪನಿಗೆ ಎರಡನೇ ಸಂಬಂಧ ನಿಶ್ಚಯವಾಯಿತು. ಹೊಸಬಳು ಬರುವ ಮೊದಲು ಹಳಬಳ ಗುರುತು ಹೋಗಬೇಕಲ್ಲ! ಅಜ್ಜಿ ಅವ್ವನ ಸೀರೆಗಳ ಗಂಟು ಕಟ್ಟಿ ಮಂಡಳಕ್ಕೆ ಕಳಿಸಿಬಿಟ್ಟಳು. ನನ್ನನ್ನು ಯಾರೂ ಕೇಳಲಿಲ್ಲ.

ಗುರುವಾರ ಹೋದರೆ ತುಂಗಾಮಾವಶಿಯ ಕೈಯಲ್ಲಿ ಅವ್ವನ ಹಸಿರು ಇಳಕಲ್ ಸೀರೆ. ಅದರ ಸೆರಗು ಹಿಡಿಯದೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಓಡಿಹೋಗಿ ಅದನ್ನು ತಬ್ಬಿಕೊಂಡೆ.

“ಹರೀಬ್ಯಾಡ್ರಿ ಮಾವಶಿ! ಇದು ನಮ್ಮವ್ವಂದು. ನನಗ ಕೊಡ್ರಿ.”

ಮಾವಶಿಯ ಕಣ್ಣುಗಳು ತುಂಬಿ ಬಂದವು. “ನಿಮ್ಮವ್ವ ಮಾಡಿದ ಕಟ್ಟಳಿ ನಾ ಹೆಂಗ ಮುರೀಲವಾ? ಅಕಿ ಇದ್ದಿದ್ರೂ ಕೊಡ್ತಿದ್ದಿಲ್ಲ.”

ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು. ಸೀರೆ ಪರ್ರನೆ ಹರಿಯಿತು.

ಕೌದಿಯ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿಯುವುದು ನಮ್ಮ ಕಡೆಯ ರೂಢಿ, ಕೌದಿ ಹಸಿದಿರಬಾರದು ಎಂದು. ಆ ಚೂರನ್ನು ಮಾವಶಿ ನನ್ನ ಕೈಯಿಂದಲೇ ಇಡಿಸಿದಳು. ಅಷ್ಟಕ್ಕೇ ನನಗೆ ಸಮಾಧಾನವಾದೀತು ಅಂದುಕೊಂಡಿದ್ದಳು, ಪಾಪ.

ಕೊಡಲು ಹೋಗುವಾಗಲೂ ನನ್ನನ್ನು ಕರೆದೊಯ್ದಳು. ಸ್ವಾರಗೇಟಿನ ಆಚೆ ಒಂದು ತಗಡಿನ ಮನೆ. ಒಳಗೆ ಲೋಬಾನದ ಹೊಗೆ, ಬಜೆಯ ವಾಸನೆ. ಬಾಣಂತಿ ಕೌದಿ ಹಾಸಿ, ಅಳುತ್ತಿದ್ದ ಕೂಸನ್ನು ಆ ಹಸಿರು ತುಂಡಿನ ಮೇಲೆಯೇ ಮಲಗಿಸಿದಳು. ಕೂಸು ಸುಮ್ಮನಾಯಿತು.

“ಹೆಂಗ ಮಲಗೇದ ನೋಡವಾ,” ಎಂದಳು ಮಾವಶಿ. ನನಗೆ ಹೊಟ್ಟೆ ಉರಿಯಿತು. ನಾನು ನೋಡಲಿಲ್ಲ.

ಈಗ ಆ ಪಡಸಾಲೆಯಿಲ್ಲ, ಮಂಡಳವಿಲ್ಲ, ಕೌದಿ ಹೊಲಿಯುವವರೂ ಇಲ್ಲ. ಎಷ್ಟೋ ಕೂಸುಗಳನ್ನು ಆ ಹೆಂಗಸರು ಬೆಚ್ಚಗಿಟ್ಟರು, ಅಲ್ಲಗಳೆಯುವುದಿಲ್ಲ. ಆದರೆ ಅವ್ವನ ಒಂದು ಫೋಟೋ ಕೂಡ ನನ್ನಲ್ಲಿಲ್ಲ, ಮುಖವೂ ಮರೆತುಹೋಗಿದೆ. ಈ ವಯಸ್ಸಿನಲ್ಲೂ ನಿದ್ದೆ ಹತ್ತುವ ಮುಂಚೆ ನನ್ನ ಕೈ ಹಾಸಿಗೆಯಲ್ಲಿ ಆ ಸೆರಗನ್ನು ಹುಡುಕುತ್ತದೆ.