ಅಡುಗೆಮನೆಯ ಹೊಸ್ತಿಲು

ಮೊನ್ನೆ ಮಗಳು ಖಾನಾಪುರದ ಸಂತೆಯಿಂದ ಮೆಂತ್ಯದ ಹಿಟ್ಟು ತಂದಳು. ಡಬ್ಬಿಗೆ ಸುರಿಯುವಾಗ ಎದ್ದ ಘಮಕ್ಕೆ, ಬೆಳಗಾವಿಯ ಈ ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಬಾಜೂ ಮನೆಯ ಕಾಕು ನೆನಪಾದರು. ಬಿಸಿ ಅನ್ನ, ತುಪ್ಪ, ಮೇಲೊಂದಿಷ್ಟು ಮೆಂತ್ಯದ ಹಿಟ್ಟು... ಹೊತ್ತು ಮುಳುಗುವುದರೊಳಗೆ ಅವರ ಊಟ ಮುಗಿದಿರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಖಾನಾಪುರದಲ್ಲಿ ಅವರ ಮನೆಗೆ ಅಂಟಿಕೊಂಡ ಬಾಡಿಗೆ ಮನೆಯಲ್ಲಿ ನಾವಿದ್ದೆವು. ಅವರು ಜೈನರು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಒಂದೊಂದು ನಿಯಮ ಹಿಡಿಯುತ್ತಿದ್ದರು. ಇವತ್ತು ಸಿಹಿ ತಿನ್ನುವುದಿಲ್ಲ, ಇವತ್ತು ಹೊಳೆ ದಾಟುವುದಿಲ್ಲ... ನನಗೋ ನಗು. "ಕಾಕು, ನೀವು ಹಿಂಡಲಗಾ ಜೇಲಿಗೆ ಹೋಗೂದ ಬ್ಯಾಡ ಬಿಡ್ರಿ, ಮನ್ಯಾಗ ಜೇಲ್ ಕಟ್ಟೀರಿ" ಎಂದು ಕಾಡಿಸುತ್ತಿದ್ದೆ. ಅವರು ಸೊಂಟದ ಕೀಲಿಕೈ ಗೊಂಚಲು ಅಲ್ಲಾಡಿಸಿ, "ಆ ಜೇಲಿನ ಕೀಲಿಕೈ ಪೊಲೀಸರ ಕಡೆ ಇರತೈತಿ. ನಂದು ನನ್ನ ಕಡೇನ ಐತಿ" ಎನ್ನುತ್ತಿದ್ದರು.

ನಮ್ಮ ಮನೆಗೆ ಬಾಗಿಲೇ ಇರಲಿಲ್ಲ ಎನ್ನಬೇಕು. ಗಂಡನ ಊರು ಜಾಂಬೋಟಿ ಕಡೆ. ಅಲ್ಲಿಂದ ತಾಲೂಕು ಕಚೇರಿಗೆ, ಸಂತೆಗೆ, ದವಾಖಾನೆಗೆ ಬಂದವರೆಲ್ಲ ನಮ್ಮಲ್ಲೇ ಚಹಾ, ನಮ್ಮಲ್ಲೇ ಊಟ, ಬಸ್ಸು ತಪ್ಪಿದರೆ ನಮ್ಮಲ್ಲೇ ಹಾಸಿಗೆ. ಇಲ್ಲ ಎನ್ನುವುದು ನನಗೆ ಬಾರದ ವಿದ್ಯೆ. ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದಕ್ಕೆ ಡಾಕ್ಟರಮ್ಮ ಗದರಿಸಿಯೇ ಹೇಳಿದರು, ಮಲಗಿರದಿದ್ದರೆ ಇದೂ ಉಳಿಯುವುದಿಲ್ಲ ಎಂದು. ಜೊತೆಗಿದ್ದ ಅತ್ತೆ, "ನಾವೆಲ್ಲ ಭತ್ತ ನಾಟಿ ಮಾಡ್ಕೋತನ ಹಡದೇವಿ" ಎಂದುಬಿಟ್ಟರು. ಗಂಡನಿಗೆ ತಾಯಿಯೆದುರು ದನಿ ಏಳದು. ನಾನು ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡೇ ಬಂದವರಿಗೆ ರೊಟ್ಟಿ ಬಡಿಯುತ್ತಿದ್ದೆ.

ಗೋಡೆಯಾಚೆಯಿಂದ ಕಾಕು ರೊಟ್ಟಿ ಸಪ್ಪಳ ಕೇಳುತ್ತಲೇ ಇದ್ದರೇನೋ... ಒಂದು ಬೆಳಿಗ್ಗೆ ಕರೆದು, ತಮ್ಮ ದೇವರ ಮುಂದೆ ನಿಲ್ಲಿಸಿ, ಕೈಗೆ ಅಕ್ಕಿಕಾಳು ಹಾಕಿದರು.

"ಹಡದು ಬಾಣಂತನಾ ಮುಗಿಯೂತನಾ ಅಡಗಿಮನಿ ಹೊಸ್ತಿಲ ದಾಟೂದಿಲ್ಲ ಅನ್ನು."

"ನಾವು ಜೈನರಲ್ಲಲ್ರಿ ಕಾಕು."

"ಅಲ್ಲದಿದ್ರ ಏನಾತು. ಕೂಸು ನಿಂದೈತೋ ಇಲ್ಲೋ?"

ಹೊಸ್ತಿಲು ದಾಟುವುದಿಲ್ಲ ಅಂದೆ. ಕಾಕು ಆಗಲೇ ನಮ್ಮ ಮನೆಗೆ ಬಂದು ಅತ್ತೆಯೆದುರು ಕುಳಿತು, "ನಿಮ್ಮ ಸೊಸಿ ನಿಯಮ ಹಿಡದಾಳ್ರೀ" ಎಂದು ಎಲ್ಲ ಹೇಳಿದರು. ಡಾಕ್ಟರ ಮಾತನ್ನು ಅತ್ತೆ ಗಾಳಿಗೆ ತೂರಿದ್ದರು. ಆದರೆ ದೇವರ ಮುಂದೆ ಕೊಟ್ಟ ಮಾತು ಮುರಿಸುವ ಧೈರ್ಯ ಅವರಿಗೆಲ್ಲಿ? ಗೊಣಗುತ್ತ ಎದ್ದು ತಾವೇ ಚಹಾಕ್ಕಿಟ್ಟರು. ಅತಿಥಿಗಳು ಬರುತ್ತಲೇ ಇದ್ದರು. ಸ್ವಲ್ಪ ದಿನಕ್ಕೆ, "ಬಸ್‌ಸ್ಟ್ಯಾಂಡ್ ಬಾಜೂಕ ಛಲೋ ಖಾನಾವಳಿ ಐತಲ್ಲೋ!" ಎಂದು ಅತ್ತೆಯೇ ಅವರಿಗೆ ಹೇಳುವುದು ಕೇಳಿ ಹೊದಿಕೆಯೊಳಗೆ ಬಾಯಿ ಮುಚ್ಚಿಕೊಂಡು ನಕ್ಕೆ.

ಮದುವೆಯಾದ ಮೇಲೆ ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದ್ದು ಆಗಲೇ. ಮರೆತೇಹೋಗಿದ್ದ ಹಾಡುಗಳೆಲ್ಲ ಮಲಗಿದಲ್ಲಿಯೇ ಬಾಯಿಗೆ ಬಂದವು. ಒಂದೇ ಒಂದು ಹೊಸ್ತಿಲು ಮುಚ್ಚಿದ್ದಕ್ಕೆ ಇಡೀ ಮನೆ ನನ್ನದಾಗಿತ್ತು. ಆ ಸುಖಕ್ಕೆ ಅಳುವೂ ಬಂದಿತ್ತು.

ಮಗಳು ಹುಟ್ಟಿದಳು. ಬಾಣಂತನ ಮುಗಿದ ದಿನ ಕಾಕು ಬಂದು ನನ್ನ ಕೈಹಿಡಿದು ಅಡುಗೆಮನೆಯ ಹೊಸ್ತಿಲಿನವರೆಗೆ ನಡೆಸಿದರು. "ನಿಯಮ ಮುಗೀತು. ಇನ್ನ ಬೇಕಾದ್ರ ಹೋಗು, ಬ್ಯಾಡಾದ್ರ ಬಿಡು" ಎಂದರು. ನಾನು ಒಳಗೆ ಹೋದೆ. ಮೊದಲು ಅವರಿಗೇ ಚಹಾ ಮಾಡಿದೆ.

ನಾವು ಬೆಳಗಾವಿಗೆ ಬಂದ ಮೇಲೆ ಹೋಗಿಬರುವುದು ಕಡಿಮೆಯಾಯಿತು. ಕಾಕು ತೀರಿಕೊಂಡ ಸುದ್ದಿ ತಡವಾಗಿ ಮುಟ್ಟಿತು. ಮುಖ ನೋಡುವುದೂ ಆಗಲಿಲ್ಲ... ಆ ನೋವು ಇದ್ದೇ ಇದೆ.

ಭಾನುವಾರ ನಾನು ಅಡುಗೆಮನೆಗೆ ಹೋಗುವುದಿಲ್ಲ. ನಿನ್ನೆ ಭಾನುವಾರ. ಜಾಂಬೋಟಿಯ ನೆಂಟರು ಫೋನ್ ಮಾಡಿ ಊಟಕ್ಕೆ ಬರುತ್ತೇವೆಂದರು. ಹಳೆಯ ಚಾಳಿ, ನಾನು ಎದ್ದೇಬಿಟ್ಟಿದ್ದೆ. ಅಷ್ಟರಲ್ಲಿ ಫೋನ್ ಹಿಡಿದಿದ್ದ ಮಗಳು ಕೈಸನ್ನೆಯಲ್ಲೇ ನನ್ನನ್ನು ಕೂರಿಸಿ ಹೇಳಿದಳು:

"ಬರ್ರಿ, ಬರ್ರಿ. ಅವ್ವಂದು ಇವತ್ತ ನಿಯಮ ಐತಿ. ಮೆಂತ್ಯದ ಹಿಟ್ಟು, ಅನ್ನ ನಾನ ಬಡಸ್ತೀನಿ."