ಬಾರದಿರಲಿ ಎಂದು ಕಲಿತ ಮೂರು ಮಾತು

ಅವರ ಬಲಗಿವಿಯಲ್ಲಿ ಓಲೆ ಇರಲಿಲ್ಲ. ಎಡಗಿವಿಯಲ್ಲಿ ಕೆಂಪು ಹರಳಿನ ಪುಟ್ಟ ಓಲೆ. ಬಲಗಿವಿಯ ಹಾಲೆ ಮಾತ್ರ ಬೋಳು. ತೂತು ಕೂಡ ಮುಚ್ಚಿಹೋಗಿ ಎಳ್ಳಿನಷ್ಟು ಕಪ್ಪು ಗುರುತು ಉಳಿದಿತ್ತು. ಮೊದಲ ದಿನ ನನ್ನ ಕಣ್ಣು ಅಲ್ಲೇ ನಿಂತದ್ದನ್ನು ಕಂಡು ಅವರೇ ಹೇಳಿದರು:

“ಹೆಡ್‌ಫೋನು ಕಣಮ್ಮ. ಓಲೆ ಇದ್ರೆ ಒತ್ತಿ ಗಾಯ ಆಗೋದು, ತೆಗ್ದಿಟ್ಟೆ. ರಿಟೈರಾದ್ಮೇಲೆ ಹಾಕ್ಕಳಾಣ ಅಂದ್ರೆ ತೂತು ನನ್ನ ಮರ್ತೇ ಬಿಟ್ಟಿತ್ತು.”

ಚಿತ್ರದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಟ್ರಂಕ್ ಕಾಲ್ ಆಪರೇಟರ್ ಆಗಿದ್ದವರು. ಒಂದೂರಿನ ತಂತಿಯನ್ನು ಇನ್ನೊಂದೂರಿನ ತಂತಿಗೆ ಕೈಯಿಂದಲೇ ಜೋಡಿಸುತ್ತಿದ್ದ ಕಾಲ ಅದು. ನಿವೃತ್ತಿಯಾದ ಮೇಲೆ ಹೊಸದುರ್ಗಕ್ಕೆ ಬಂದು, ನಮ್ಮ ಸಮುದಾಯ ಕಾಲೇಜಿನಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಆಪರೇಟರ್ ಮೇಡಂ ಎಂದೇ ಕರೆಯುತ್ತಿದ್ದರು.

ನಾನು ಅಲ್ಲಿಗೆ ಸಹಾಯಕ್ಕೆಂದು ಹೋದವಳು. ದುರ್ಗದ ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷು ಮದುವೆಯಾದ ಮೇಲೆ ಮಕ್ಕಳ ಹೋಂವರ್ಕಿಗೆ, ಔಷಧದ ಬಾಟಲಿಯ ಮೇಲಿನ ಸಣ್ಣಕ್ಷರ ಓದುವುದಕ್ಕೆ ಮಾತ್ರ ಬಳಕೆಯಾಗುತ್ತಿತ್ತು. ಮನೆಯಿಂದ ಹೊರಟರೆ ಗ್ಯಾಸ್ ಆರಿಸಿದೆನೋ ಇಲ್ಲವೋ, ಹಿತ್ತಲ ಬಾಗಿಲ ಚಿಲಕ ಬಿತ್ತೋ ಇಲ್ಲವೋ ಎಂದು ದಾರಿಯುದ್ದಕ್ಕೂ ಒದ್ದಾಡುವ ಸ್ವಭಾವ ನನ್ನದು. ಅದು ಮುಖದಲ್ಲಿ ಕಾಣುತ್ತಿತ್ತೇನೋ. ಒಳಗೆ ಕಾಲಿಟ್ಟ ಕೂಡಲೇ ಅವರು ಕೇಳುತ್ತಿದ್ದರು, “ಲೈನ್ ಕ್ಲಿಯರ್ ಐತೇನಮ್ಮ ಇವತ್ತು?” ಇದೆ ಎಂದರೆ ನಂಬುತ್ತಿರಲಿಲ್ಲ. “ಗರಗರ ಅಂತೈತೆ. ಒಂದ್ಲೋಟ ನೀರು ಕುಡಿ,” ಎನ್ನುತ್ತಿದ್ದರು.

ಅವರ ತರಗತಿಯಲ್ಲಿ ಕುರ್ಚಿಗಳು ಎದುರುಬದುರು ಇರುತ್ತಿರಲಿಲ್ಲ. ಎರಡೆರಡು ಕುರ್ಚಿ ಬೆನ್ನಿಗೆ ಬೆನ್ನು. ಕುಳಿತವರು ಒಬ್ಬರ ಮುಖ ಒಬ್ಬರು ನೋಡದೆ ಮಾತಾಡಬೇಕು. “ಮುಖ ನೋಡಿದ್ರೆ ತಪ್ಪಾಯ್ತೇನೋ ಅಂತ ಹೆದರಿಕೆ. ದನಿ ಕೇಳ್ರಿ, ದನಿ ನಿಮ್ಮನ್ನ ನೋಡಿ ನಗಾಕಿಲ್ಲ.” ಮೊದಲ ದಿನ ಅವರು ಕಲಿಸುವ ವಾಕ್ಯ ಹೆಸರು ಊರು ಹೇಳುವುದಲ್ಲ. ‘ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್ ಸೇ ಇಟ್ ಅಗೇನ್.’ ನನಗೆ ತಿಳಿಯಲಿಲ್ಲ, ದಯವಿಟ್ಟು ಇನ್ನೊಂದು ಸಲ ಹೇಳಿ. ಅದು ನಾಲಗೆಯ ಮೇಲೆ ಕೂರುವವರೆಗೆ ಮುಂದಿನದಿಲ್ಲ.

ಶ್ರೀರಾಂಪುರದ ಕಡೆಯಿಂದ ಬರುತ್ತಿದ್ದ ಒಬ್ಬ ಕುರಿ ವ್ಯಾಪಾರಿಗೆ ಇದು ಸರಿಬರಲಿಲ್ಲ. ಹೆಗಲ ಕಂಬಳಿಯನ್ನು ಕುರ್ಚಿಯ ಮೇಲೆ ಹಾಸಿಕೊಂಡೇ ಕೂರುತ್ತಿದ್ದ ಹಿರಿಯರು ಅವರು.

“ಅಲ್ರೀ ಮೇಡಂ, ನಾವು ತಿಳ್ಕಣಾಕೆ ಅಂತ ಬಸ್ ಹತ್ಕಂಡು ಬಂದ್ರೆ, ತಿಳೀಲಿಲ್ಲ ಅನ್ನಾದನ್ನ ಕಲಿಸ್ತೀರಲ್ರೀ.”

“ತಿಳೀದೇ ಯೆಸ್ ಯೆಸ್ ಅಂತ ತಲೆ ಆಡಿಸೋದು ನಿಮಗೆ ಮೊದ್ಲೇ ಬರ್ತೈತಲ್ಲ ಗೌಡ್ರೆ. ಅದನ್ನ ಬೇರೆ ಕಲಿಸ್ಬೇಕಾ?”

ಎಲ್ಲರಿಗಿಂತ ಜೋರಾಗಿ ನಕ್ಕವಳು ಹಾಸಿಗೆ ಅಂಗಡಿಯ ಹೆಣ್ಣುಮಗಳು. ಪೇಟೆಯಲ್ಲಿ ಹತ್ತಿ ಹಾಸಿಗೆ, ದಿಂಬು ಹೊಲಿಯುವ ಹಳೆಯ ಮುಸ್ಲಿಂ ಮನೆತನದ ಸೊಸೆ, ಮೂವತ್ತರ ಆಸುಪಾಸು. ಅವಳ ಕಪ್ಪು ಬುರ್ಖಾದ ತೋಳಿನ ಮೇಲೆ ಒಂದಾದರೂ ಹತ್ತಿಯ ಎಳೆ ಅಂಟಿರುತ್ತಿತ್ತು. ನಾನು ಮಾತಾಡುತ್ತಲೇ ಅದನ್ನು ಬಿಡಿಸಿ ತೆಗೆಯುತ್ತಿದ್ದೆ. ಅವಳು ತೋಳು ಚಾಚಿ ಸುಮ್ಮನಿರುತ್ತಿದ್ದಳು. ಅವಳ ಗಂಡ ಪೋಲೆಂಡ್ ದೇಶದ ಯಾವುದೋ ಸರಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ಫೋನಿನಲ್ಲಿ ಅವನು ಆಗೀಗ ಎರಡು ಮಾತು ಇಂಗ್ಲಿಷ್ ಉದುರಿಸಿ ಹೆಂಡತಿಯನ್ನು ರೇಗಿಸುತ್ತಿದ್ದನಂತೆ. “ಬರ್ಲಿ ತಡೀರಿ ಅಕ್ಕ, ಅವ್ನು ಬಸ್ಸಿಳಿಯೋ ಹೊತ್ಗೆ ನಾನು ಅವ್ನಿಗಿಂತ ನಾಕು ಮಾತು ಮುಂದಿರ್ಬೇಕು,” ಎನ್ನುತ್ತಿದ್ದಳು.

ಒಂದು ಸಂಜೆ ಅವಳು ನಗದೆ ಬಂದಳು. ಗೋದಾಮಿನಲ್ಲಿ ಪೆಟ್ಟಿಗೆಗಳ ಅಟ್ಟಿ ಗಂಡನ ಮೇಲೆ ಕುಸಿದಿತ್ತು. ಜೊತೆಯ ಕೆಲಸಗಾರನೊಬ್ಬ ಹಿಂದಿಯಲ್ಲಿ ಒಂದು ದನಿಸಂದೇಶ ಕಳಿಸಿದ್ದ: ದೊಡ್ಡ ಆಸ್ಪತ್ರೆಗೆ ಹಾಕಿದ್ದಾರೆ, ಆಪರೇಷನ್, ಕಾಲು. ಅಷ್ಟೇ. ಆಮೇಲೆ ಅವನ ಫೋನೂ ಹತ್ತಲಿಲ್ಲ, ಗಂಡನದೂ ಹತ್ತಲಿಲ್ಲ. ಕೆಲಸಕ್ಕೆ ಕಳಿಸಿದ್ದ ಏಜೆಂಟ್ ಹೇಳಿದ್ದು ಇಷ್ಟು: ನಾಡಿದ್ದು ಸಂಜೆ ಆಸ್ಪತ್ರೆಯ ನರ್ಸ್ ಫೋನ್ ಮಾಡುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಹೆಂಡತಿಯ ಹತ್ತಿರವೇ ಮಾತಾಡುತ್ತಾರೆ.

ಅವನು ಬದುಕಿದ್ದಾನೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಅವಳು ನನ್ನ ಕೈ ಹಿಡಿದುಕೊಂಡಳು. “ಅಕ್ಕ, ನಿಮ್ದು ಕಾನ್ವೆಂಟ್ ಇಂಗ್ಲಿಷು. ನೀವೇ ಮಾತಾಡ್ರಿ. ನಾನು ಪಕ್ಕದಾಗೆ ಕುಂತಿರ್ತೀನಿ.”

ನಾನು ಆಗಲಿ ಎನ್ನುವಷ್ಟರಲ್ಲಿ ಮೇಡಂ ಹೇಳಿದರು, “ಬ್ಯಾಡ. ಇದು ಒಂದಿನದ ಫೋನಲ್ಲ ಕಣೇ ಹುಡ್ಗಿ. ನಾಳೆ ಬರ್ತವೆ, ನಾಡಿದ್ದು ಬರ್ತವೆ. ನೀನು ಅಡಿಗೆ ಮಾಡ್ವಾಗ ಬರ್ತವೆ. ದಿನಾ ಇವ್ರನ್ನ ಸೆರಗಿಗೆ ಕಟ್ಕಂಡು ತಿರುಗ್ತೀಯಾ? ನಡಿ, ಕುಂತ್ಕ.”

ಬೆನ್ನಿಗೆ ಬೆನ್ನು ಕುರ್ಚಿ ಹಾಕಿದರು. ನರ್ಸಿನ ಪಾತ್ರಕ್ಕೆ ಕುರಿ ವ್ಯಾಪಾರಿಯನ್ನೇ ಕೂರಿಸಿದರು. ಅವರು ಕಂಬಳಿ ಸರಿಪಡಿಸಿಕೊಂಡು, ಗಂಟಲು ಸಣ್ಣಗೆ ಮಾಡಿಕೊಂಡು, “ಹಲೋ, ದಿಸ್ ಈಸ್ ನರ್ಸಮ್ಮ,” ಎಂದಾಗ ಅವಳ ಬಾಯಿಯ ಕೊನೆಯಲ್ಲಿ ಒಂಚೂರು ನಗು ಸುಳಿದು ಹೋಯಿತು. ನನ್ನ ಗಂಡ ಹೇಗಿದ್ದಾರೆ? ಎಚ್ಚರ ಇದೆಯೇ? ಮತ್ತೆ ಯಾವಾಗ ಫೋನ್ ಮಾಡುತ್ತೀರಿ? ಇಷ್ಟನ್ನು ಇಂಗ್ಲಿಷಿನಲ್ಲಿ ತಡವರಿಸದೆ ಕೇಳುವ ಹಾಗೆ ಮಾಡಿಸಿದರು. ಆಮೇಲೆ ಅವಳ ಹಿಂದೆ ನಿಂತು, ಅದೇ ಸಮದನಿಯಲ್ಲಿ ಬೇರೆ ಮೂರು ಮಾತು ಹೇಳಿದರು.

“ಎಕ್ಸ್‌ಪೈರ್ಡ್. ಪಾಸ್ಡ್ ಅವೇ. ನೋ ಮೋರ್. ಇವು ಬಂದ್ರೆ ಗುರ್ತು ಸಿಗ್ಬೇಕು.”

“ಏನ್ ಮೇಡಂ ಹಂಗಂದ್ರೆ?”

ಮೇಡಂ ಅರ್ಥ ಹೇಳಿದರು. ಮೂರಕ್ಕೂ ಅರ್ಥ ಒಂದೇ, ತೀರಿಹೋದರು ಅಂತ, ಎಂದರು.

ಅವಳು ಎದ್ದು ನಿಂತಳು.

“ನಿಮ್ಮ ಬಾಯಾಗೆ ಒಳ್ಳೇದು ಬರಾಕಿಲ್ವಾ ಮೇಡಂ? ಇದನ್ನ ಕಲಿಯಾಕೆ ಬಂದಿದೀನಾ ನಾನು?”

ಚೀಲ ಎತ್ತಿಕೊಂಡು ಹೊರಟೇಹೋದಳು. ಕುರಿ ವ್ಯಾಪಾರಿ ತಿರುಗಿ ಕೂಡ ನೋಡಲಿಲ್ಲ. ಖಾಲಿ ಕುರ್ಚಿಗೆ ಬೆನ್ನು ಕೊಟ್ಟೇ ಕುಳಿತಿದ್ದರು.

ನನಗೂ ಸಿಟ್ಟು ಬಂದಿತ್ತು. ಅಪಶಕುನದ ಮಾತು ಆಡಿಬಿಟ್ಟರಲ್ಲ ಎಂಬ ಭಯ ಅದಕ್ಕಿಂತ ಹೆಚ್ಚು. ಮನೆಗೆ ಹೋಗುವ ದಾರಿಯಲ್ಲಿ, ಕೊಬ್ಬರಿ ವಾಸನೆಯ ಮಂಡಿ ರಸ್ತೆ ದಾಟುವಾಗ, “ಇಷ್ಟು ಬೇಗ ಹೇಳಬೇಕಿತ್ತಾ ಮೇಡಂ?” ಎಂದೆ.

ಅವರು ಒಂದು ಹಳೆಯ ಸಂಗತಿ ಹೇಳಿದರು. ಹಿಂದೆ ಒಮ್ಮೆ ಹೊರಕೆರೆದೇವಪುರದ ಕಡೆಯ ಒಬ್ಬ ರೈತ ದುರ್ಗದ ಎಕ್ಸ್‌ಚೇಂಜಿಗೆ ಬಂದು ಮುಂಬಯಿಯ ಕರೆಗೆ ಕಾದು ಕುಳಿತಿದ್ದನಂತೆ. ಅವನ ತಮ್ಮ ಅಲ್ಲಿನ ಗಿರಣಿಯಲ್ಲಿ ಕೆಲಸಕ್ಕಿದ್ದವನು. ಲೈನು ಸಿಕ್ಕಿತು. ಆಪರೇಟರ್ ಆದವರು ಲೈನು ಕೊಟ್ಟ ಮೇಲೆ ಅದರಿಂದ ಹೊರಗೆ ಬಂದುಬಿಡಬೇಕು, ಮಾತು ಕೇಳಬಾರದು, ಅದು ನಿಯಮ. ಆದರೆ ಆ ದಿನ ಲೈನು ಕ್ಷೀಣವಾಗಿತ್ತು, ಕಡಿದುಹೋದೀತೆಂದು ಇವರು ಕಿವಿ ಇಟ್ಟಿದ್ದರು.

“ಆ ಕಡೆಯಿಂದ ಇಂಗ್ಲಿಷ್‌ನಾಗೆ ಹೇಳಿದ್ರು ಕಣಮ್ಮ, ತಮ್ಮ ಹೋದ ಅಂತ. ಇವ್ನು ಯೆಸ್ ಸಾರ್, ಯೆಸ್ ಸಾರ್, ಥ್ಯಾಂಕ್ಯು ಸಾರ್ ಅಂದ. ಹೊರಗೆ ಬಂದು ನನ್ನ ಹತ್ರ ‘ತಮ್ಮನ ಸಾಹೇಬ್ರು ಮಾತಾಡಿದ್ರು, ಭಾಳ ಮರ್ವಾದಿ ಕೊಟ್ರು’ ಅಂತ ನಗ್ತಾ ಹೋದ. ಕೇಳಿಸ್ಕಂಡೆ ಅನ್ನೋ ಹಂಗಿಲ್ಲ ನಾನು. ಕೆಲ್ಸ ಹೋಗ್ತಿತ್ತು. ಬಸ್ ಸ್ಟ್ಯಾಂಡಿನ ಕಡೆ ಹೋದ.”

ಮುಂದೇನಾಯಿತೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ತಿರುವಿನಲ್ಲಿ ಬೀಳ್ಕೊಡುವಾಗ ಮಾತ್ರ ಅಂದರು, “ಗೊತ್ತಾಗ್ದೆ ನಗ್ತಾ ಹೋಗ್ಬಾರ್ದು ನೋಡು ಯಾರೂ.”

ಮರುದಿನ ಅವಳು ಬರುವುದಿಲ್ಲವೆಂದೇ ಎಣಿಸಿದ್ದೆ. ಅವಳು ಎಲ್ಲರಿಗಿಂತ ಮೊದಲು ಬಂದು ತನ್ನ ಕುರ್ಚಿಯಲ್ಲಿ ಕುಳಿತಿದ್ದಳು. ಕಣ್ಣು ಊದಿದ್ದವು. ಮೇಡಂ ಒಳಗೆ ಬರುತ್ತಿದ್ದಂತೆ ತಿರುಗದೆಯೇ ಹೇಳಿದಳು:

“ಇನ್ನೊಂದ್ಸಲ ಹೇಳ್ರಿ ಮೇಡಂ, ಆ ಮೂರ್ನ. ನಿಧಾನಕ್ಕೆ.”

ಮೇಡಂ ಹೇಳಿದರು. ಕುರಿ ವ್ಯಾಪಾರಿ ಹೇಳಿದರು. ಗಂಡು ದನಿಯಲ್ಲಿ, ಹೆಣ್ಣು ದನಿಯಲ್ಲಿ, ಬೇಗ, ಮೆಲ್ಲಗೆ, ಬೇರೆ ಮಾತುಗಳ ನಡುವೆ ಅಡಗಿಸಿ ಹೇಳಿದರು. ಪ್ರತಿ ಸಲವೂ ಅವಳು ಕೈ ಎತ್ತಿ ಗುರುತಿಸಿದಳು. ನೀನೂ ಹೇಳು ಎಂದು ಮೇಡಂ ನನಗೆ ಹೇಳಿದರು. ನನ್ನಿಂದಾಗಲಿಲ್ಲ.

ಕರೆ ಬರಬೇಕಾದ ಸಂಜೆ ನಾವೆಲ್ಲ ತರಗತಿಯಲ್ಲೇ ಕಾದೆವು. ಅವಳ ಮಡಿಲಲ್ಲಿ ಫೋನು. ಹೇಳಿದ ಹೊತ್ತು ಮೀರಿತು. ಕುರಿ ವ್ಯಾಪಾರಿ ಎಂದಿನಂತೆ ಅವಳ ಬೆನ್ನ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದರು. “ಬೆನ್ನ ಹಿಂದೆ ಯಾರೋ ಅವ್ರೆ ಅಂತ ಇರ್ಲಿ,” ಎಂದಿದ್ದರು. ಕೊನೆಯ ಬಸ್ ಹೋಗಿಬಿಡುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ, “ಹೋದ್ರೆ ಹೋಗ್ಲಿ ಬಿಡ್ರಿ ತಾಯಿ, ಅದೇನು ನನ್ನ ಕೇಳಿ ಬರ್ತಿತ್ತಾ?” ಎಂದರು.

ಫೋನು ಬಂತು.

ನನ್ನ ಕೈ ತಾನಾಗಿ ಮುಂದೆ ಹೋಯಿತು. ಮೇಡಂ ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದರು. “ಲೈನ್ ಸಿಕ್ತು. ಮಾತಾಡು,” ಎಂದು ಅವಳಿಗೆ ಹೇಳಿ, ತಾವು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ನಮಗೆ ಕೇಳಿದ್ದು ಅವಳ ಮಾತಷ್ಟೇ. “ಹಲೋ. ಯೆಸ್. ಐ ಆಮ್ ವೈಫ್.” ಸ್ವಲ್ಪ ಮೌನ. “ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್ ಸೇ ಇಟ್ ಅಗೇನ್.” ಮತ್ತೆ ಮೌನ. ಮತ್ತೆ ಅದೇ ವಾಕ್ಯ. ಚಪ್ಪಲಿಯೊಳಗೆ ಅವಳ ಕಾಲ್ಬೆರಳುಗಳು ಮಡಚಿಕೊಂಡಿದ್ದವು. ಬಲತೋಳಿನ ಮೇಲೆ ಒಂದು ಹತ್ತಿಯ ಎಳೆ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಅದನ್ನೇ ನೋಡುತ್ತಾ ಕುಳಿತೆ. ಅವಳ ಕೈ ಮೇಲೆ ಹೋಗದಿರಲಿ, ಹೋಗದಿರಲಿ ಎಂದುಕೊಳ್ಳುತ್ತಿದ್ದೆ. ಆ ಮೂರರಲ್ಲಿ ಒಂದು ಬಂದರೆ ಅಭ್ಯಾಸಬಲದಿಂದ ಕೈ ಎತ್ತುತ್ತಾಳೆಂದು ನನಗೆ ಅನಿಸಿಬಿಟ್ಟಿತ್ತು.

ಕೈ ಮಡಿಲಲ್ಲೇ ಇತ್ತು. “ಥ್ಯಾಂಕ್ ಯೂ, ಸಿಸ್ಟರ್,” ಎಂದು ಫೋನು ಇಟ್ಟಳು. ಬಾಗಿಲು ತೆರೆದು ಮೇಡಂ ಬಂದರು. ಅವಳು ಅವರನ್ನು ನೋಡಿ, ಎಷ್ಟೋ ಹೊತ್ತಿನ ಮೇಲೆ ಉಸಿರು ಬಿಟ್ಟವಳಂತೆ ಹೇಳಿದಳು:

“ಆ ಮೂರೂ ಬರ್ಲಿಲ್ಲ ಮೇಡಂ.”

“ಮತ್ತೇನು ಬಂತು?”

“ಅವೇಕ್ ಅಂದ್ರು, ಎಚ್ಚರ ಐತಂತೆ. ವಾಟರ್ ಕೇಳಿದ್ನಂತೆ. ಕಾಲಿಂದು ತಿಳೀಲಿಲ್ಲ, ಬಿಡ್ದೆ ಕೇಳ್ದೆ. ಲೆಗ್ ಬ್ರೋಕನ್, ಬಟ್ ಲೆಗ್ ಈಸ್ ದೇರ್ ಅಂದ್ರು. ಆಯಮ್ಮಂಗೂ ಸರಿಯಾಗಿ ಬರಾಕಿಲ್ಲ ಮೇಡಂ ಇಂಗ್ಲಿಷು. ಆಕೀನೂ ನಂಗೆ ಸ್ಲೋಲಿ ಸ್ಲೋಲಿ ಅಂತಿದ್ಲು.”

“ಮತ್ತೆ ಯಾವಾಗ ಫೋನ್ ಮಾಡ್ತಾರಂತೆ?”

ಅವಳು ನಾಲಗೆ ಕಚ್ಚಿಕೊಂಡಳು.

“ಇಡೋಕೆ ಮುಂಚೆ ಕೇಳ್ಬೇಕು ಅಂತ ಬಡ್ಕಂಡಿದ್ನಲ್ಲೇ,” ಎಂದು ಮೇಡಂ ಗದರಿದರು. ಅಷ್ಟರಲ್ಲಿ ಅವಳಿಗೆ ಅಳು ಬಂತು. ಕುರಿ ವ್ಯಾಪಾರಿ ಈ ಕಡೆ ತಿರುಗದೆಯೇ ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡು, “ನರ್ಸಮ್ಮನ ಕೆಲ್ಸ ಮುಗೀತು, ನಾನಿನ್ನ ಬರ್ತೀನ್ರಪ್ಪ,” ಎಂದು ಎದ್ದರು.

ಮೇಡಂ ಜೊತೆ ವೆರಾಂಡಕ್ಕೆ ಬಂದಾಗ ಕತ್ತಲಾಗಿತ್ತು. ದೂರದ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಹತ್ತಿ ಆರುತ್ತಿದ್ದವು. ಆ ಕಾಲೇಜಿನ ಗೋಡೆಗೆ ಬಳಿದಿದ್ದು ಸುಣ್ಣ. ಒರಗಿದವರ ಬಟ್ಟೆಗೆಲ್ಲ ಅಂಟುತ್ತಿತ್ತು. ದೀಪದ ಬೆಳಕಿನಲ್ಲಿ ನೋಡಿದೆ. ಮೇಡಂ ಸೀರೆಗೆ ಏನೂ ಆಗಿರಲಿಲ್ಲ. ಓಲೆಯಿಲ್ಲದ ಬಲಗಿವಿಗೆ ಮಾತ್ರ, ಹಾಲೆಯಿಂದ ಮೇಲಿನವರೆಗೂ, ಬೆಳ್ಳಗೆ ಸುಣ್ಣ ಹತ್ತಿತ್ತು.

ಸೆರಗಿನ ತುದಿಯಿಂದ ಒರೆಸಿದೆ. ನಾನು ಹತ್ತಿ ಬಿಡಿಸುವಾಗ ಹಾಸಿಗೆ ಅಂಗಡಿಯವಳು ತೋಳು ಚಾಚುವಂತೆಯೇ, ಅವರು ತಲೆ ವಾಲಿಸಿಕೊಂಡು ನಿಂತರು.

ಆಮೇಲೆ ಅವಳ ಗಂಡ ಊರಿಗೆ ಬಂದ. ಈಗ ಅಂಗಡಿಯಲ್ಲೇ ಕುಳಿತು ದಿಂಬು ಹೊಲಿಯುತ್ತಾನೆ. ನಡೆದರೆ ಒಂದು ಕಾಲು ಸ್ವಲ್ಪ ಹಿಂದೆ ಉಳಿಯುತ್ತದೆ. ಅವಳು ಅವನ ಇಂಗ್ಲಿಷನ್ನು ತಿದ್ದುತ್ತಾಳೆ.

ಮೇಡಂ ಈ ಬೇಸಿಗೆಯಲ್ಲಿ ಹೋದರು. ದುರ್ಗದ ಆಸ್ಪತ್ರೆಯಲ್ಲಿ, ಹೆಚ್ಚು ದಿನ ನರಳದೆ. ಹಿಂದಿನ ದಿನ ನಾನು ಹಾಸಿಗೆಯ ಪಕ್ಕ ಕುಳಿತಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು, “ಲೈನ್ ಕ್ಲಿಯರ್ ಐತೇನಮ್ಮ?” ಇದೆ ಎಂದೆ. ಆ ದಿನವೂ ನಂಬಲಿಲ್ಲ. ನೀರಿನ ಲೋಟದ ಕಡೆ ಬೆರಳು ತೋರಿಸಿದರು, ನನಗೆ ಕುಡಿಯಲಿಕ್ಕೆ.

ತರಗತಿಯವರಿಗೆಲ್ಲ ಸುದ್ದಿ ಮುಟ್ಟಿಸುವ ಕೆಲಸ ನನ್ನ ಮೇಲೆ ಬಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮೊದಲು ಹಾಸಿಗೆ ಅಂಗಡಿಗೆ ಫೋನ್ ಮಾಡಿದೆ. ಅವಳೇ ಎತ್ತಿಕೊಂಡಳು. ನಾನು ಅವಳ ಹೆಸರು ಹಿಡಿದು ಕರೆದೆ. ಮುಂದಿನ ಮಾತು ಬರಲಿಲ್ಲ. ಕನ್ನಡದಲ್ಲಿ ಅದಕ್ಕೆ ಎಷ್ಟೊಂದು ಮೆತ್ತನೆಯ ಮಾತುಗಳಿವೆ. ಒಂದೂ ನನ್ನ ಬಾಯಿಗೆ ಬರಲಿಲ್ಲ.

ಅವಳು ಕಾದಳು. ಆಮೇಲೆ ಮೆಲ್ಲಗೆ, ನಮ್ಮ ತರಗತಿಯ ದನಿಯಲ್ಲಿ ಕೇಳಿದಳು:

“ಅಕ್ಕ, ಆ ಮೂರ್ರಾಗೆ ಒಂದಾ?”

“ಹೂಂ,” ಎಂದೆ.

ಅವಳು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.