ಅವ್ವ ಹಾಕಿದ ಹೆಪ್ಪು

ಧಾರವಾಡದ ಕಾಲೇಜಿನಿಂದ ದೀಪಾವಳಿ ರಜೆಗೆ ಬೆಟಗೇರಿಯ ಮನೆಗೆ ಬಂದ ನನ್ನ ಅಣ್ಣ, ಊಟಕ್ಕೆ ಕೂತಲ್ಲೇ ಅಪ್ಪನನ್ನು ಕೆಣಕಿದ. ಭೂಮಿಯ ಮೇಲೆ ಮೊದಲ ಜೀವವನ್ನು ಯಾರೂ ಮಾಡಲಿಲ್ಲವಂತೆ. ನೀರು, ಗಾಳಿ, ಮಣ್ಣಿನ ಉಪ್ಪು, ಮೇಲೊಂದಿಷ್ಟು ಸಿಡಿಲು. ಇವೇ ಕೂಡುತ್ತ ಕೂಡುತ್ತ ಎಂದೋ ಒಮ್ಮೆ ಜೀವವಾಯಿತಂತೆ. ಅಮೆರಿಕದಲ್ಲಿ ಯಾರೋ ಗಾಜಿನ ಪಾತ್ರೆಯೊಳಗೆ ಹಾಗೇ ಕಿಡಿ ಹಾಯಿಸಿ, ಜೀವಕ್ಕೆ ಬೇಕಾಗುವ ಸಾಮಾನು ಕಂಡಿದ್ದಾರೆಂದು ಅವನ ಮಾಸ್ತರರು ಹೇಳಿದ್ದರು.

ಅಪ್ಪನದು ಗದಗಿನಲ್ಲಿ ರೈತರ ಹತ್ತಿಯನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿ. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಅಂಗಡಿಗೆ ಬಂದವರ ಬಾಯಲ್ಲೆಲ್ಲ ಕರ್ನಾಟಕ ಒಂದಾಗುವ ಮಾತೇ ಮಾತು.

"ಕನ್ನಡದ ಮಂದಿನ್ನ ಒಂದು ಮಾಡಾಕ ಇಷ್ಟು ವರ್ಷ ಬಡಕೋಬೇಕಾಗೇತಿ. ಜೀವ ತನ್ನಷ್ಟಕ್ಕ ತಾನ ಕೂಡಿತಂತ!" ಎಂದು ಅಪ್ಪ ನಕ್ಕ.

ಹೀಗೆ ನಗುವ ಅಪ್ಪನೇ, ಜೋಳದ ಹಿಟ್ಟಿನಲ್ಲಿ ಹುಳ ತಾವಾಗಿಯೇ ಹುಟ್ಟುತ್ತವೆಂದು ನಂಬಿದ್ದ. ಅದನ್ನು ಎತ್ತಿ ಆಡುವ ಧೈರ್ಯ ಮಾತ್ರ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅಣ್ಣನನ್ನು ಕಾಲೇಜು ಬಿಡಿಸಿ ಅಂಗಡಿಯಲ್ಲಿ ಕೂಡಿಸಲು ಅಪ್ಪ ಆಗಲೇ ಮನಸ್ಸು ಮಾಡಿದ್ದ. ಮಾತಿಗೆ ಮಾತು ಬೆಳೆಯಿತು.

"ಹಂಗಾರ ಮಾಡಿ ತೋರಸಲೇ. ಯುಗಾದಿ ಒಳಗ ಜೀವ ಬಂತಂದ್ರ ಬೇಕಾದಷ್ಟು ಓದು. ಬರಲಿಲ್ಲಂದ್ರ ಅಂಗಡಿಗೆ ಬಂದು ಕುಂಡ್ರಬೇಕು."

"ಆತು" ಅಂದುಬಿಟ್ಟ ಅಣ್ಣ.

ಮುಂಡರಗಿಗೆ ಹೋಗಿ ಕಪ್ಪತಗುಡ್ಡದ ಕೆಂಪು ಮಣ್ಣು ತಂದ. ಉಪ್ಪು ಸೇರಿಸಿ, ನೀರಲ್ಲಿ ಕುದಿಸಿ, ಔಷಧದ ಶೀಸೆಯೊಂದಕ್ಕೆ ಸುರಿದು ಬಾಯಿಗೆ ಮೇಣ ಮೆತ್ತಿದ. ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಯಾರೂ ಮುಟ್ಟಬಾರದೆಂದು ಹೇಳಿ ಧಾರವಾಡಕ್ಕೆ ಹೋದ.

ಅವ್ವನಿಗೆ ಕಾಲೇಜಿನ ವಿದ್ಯೆ ತಿಳಿಯುತ್ತಿರಲಿಲ್ಲ, ಮಗನ ಆಸೆ ತಿಳಿಯುತ್ತಿತ್ತು. ಬಟ್ಟೆ ಒಣಹಾಕಲು ಹತ್ತಿದಾಗಲೆಲ್ಲ ಶೀಸೆಯೊಳಗೆ ಇಣುಕುತ್ತಿದ್ದಳು. ಶಿವರಾತ್ರಿ ಕಳೆದರೂ ಮಣ್ಣು ತಳದಲ್ಲಿ, ನೀರು ಮೇಲೆ, ತಿಳಿಯಾಗಿ ಹಾಗೇ ಇತ್ತು. ಹರ್ತಿಯ ತವರಿನಿಂದ ತಂದ ಹೆಪ್ಪನ್ನು ಒಂದು ದಿನವೂ ತಪ್ಪಿಸದೆ ಮೊಸರು ಮಾಡಿಕೊಂಡು ಬಂದವಳು ಅವಳು. ಹೆಪ್ಪಿಲ್ಲದೆ ಏನಾದರೂ ಕೂಡೀತೆಂದು ಅವಳು ಹೇಗೆ ನಂಬಬೇಕು? ಓದಿನ ಗಡಿಬಿಡಿಯಲ್ಲಿ ಮಗ ಮರೆತಿದ್ದಾನೆ ಅಂದುಕೊಂಡಳು. ಮೇಣ ಕರಗಿಸಿ ಒಂದು ಚಮಚ ಮೊಸರು ಬಿಟ್ಟು, ಮತ್ತೆ ಮೆತ್ತಿದಳು. ಇದು ಮೋಸವೆಂಬುದು ಅವಳಿಗೆ ಹೊಳೆಯಲೇ ಇಲ್ಲ.

ಯುಗಾದಿಯ ದಿನ ಅಣ್ಣ ಶೀಸೆ ಇಳಿಸಿ ತಂದ. ನೀರು ಕದಡಿತ್ತು, ಮೇಲೆ ಬೆಳ್ಳಗೆ ಕೆನೆ ಕಟ್ಟಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಖರೇನ ಬಂದೈತಲ್ಲೋ! ಆತಪಾ, ನೀ ಗೆದ್ದಿ. ಹೋಗು, ಓದು."

ಅಪ್ಪನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಣ್ಣ ಮೇಣ ತೆಗೆದು ಮೂಸಿ ನೋಡಿದ. ಅವನ ಮುಖ ಬಿಳಿಚಿತು. ಥಟ್ಟನೆ ಶೀಸೆಯ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡ. ಅಷ್ಟರಲ್ಲಿ ಅವ್ವ ಹಿಗ್ಗಿನಿಂದ ಅಣ್ಣನಿಗೆ ಹೇಳಿಯೇಬಿಟ್ಟಳು: "ಹೆಪ್ಪು ಹಾಕೂದ ಮರತಿದ್ದೆಲ್ಲೋ ತಮ್ಮಾ. ನಾ ನೋಡಿ ಹಾಕಿದ್ನಿ, ಚಲೋ ಆತು!"

ಅಪ್ಪ ಎದ್ದು ರುಮಾಲು ಸುತ್ತಿಕೊಂಡ. "ನಾಳೆ ಮುಂಜಾನೆ ಅಂಗಡಿಗೆ ಬಾ" ಎಂದಷ್ಟೇ ಹೇಳಿ ಹೊರಟ. ಆ ಒಂದು ದಿನ ಅವನು ಸೋಲಬಹುದಿತ್ತು. ಸೋತಿದ್ದರೆ ಅವನ ಗಂಟೇನು ಹೋಗುತ್ತಿತ್ತೆಂದು ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಮುಂದೆ ರಾಜ್ಯ ಒಂದಾಯಿತು. ಗದಗಿನ ಪೇಟೆಯಲ್ಲಿ ಪೇಢೆ ಹಂಚುತ್ತಿದ್ದಾಗ ಅಣ್ಣ ಅಂಗಡಿಯಲ್ಲಿ ಕೂತು ಹತ್ತಿಯ ಎಳೆ ಜಗ್ಗಿ ನೋಡುತ್ತಿದ್ದ. ಕಾಲೇಜಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಅವ್ವ ಮಾತ್ರ ಒಳಗೊಳಗೇ ಬೇಯುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ, ಅಣ್ಣನಿಗೆ ಬಡಿಸುತ್ತಿದ್ದವಳು ಕೈ ತಡೆದು ಕೇಳಿದಳು: "ನಾ ಕೈ ಹಾಕದಿದ್ರ ಅದು ತಾನ ಬರತಿತ್ತೇನೋ ತಮ್ಮಾ? ನಾನ ಕೆಡಿಸಿದ್ನೇನು?"

"ಇಲ್ಲಬೇ. ಅದು ಒಂದು ಶೀಸೆದಾಗ ಬರೂದಲ್ಲ. ಸಮುದ್ರದಷ್ಟು ನೀರು ಬೇಕು, ಲೆಕ್ಕ ಇಲ್ಲದಷ್ಟು ವರ್ಷ ಬೇಕು. ನನಗ ಅವತ್ತ ಗೊತ್ತಿತ್ತು."

"ಗೊತ್ತಿದ್ದೂ ಯಾಕ ಆತು ಅಂದಿ?"

ಅಣ್ಣ ತಟ್ಟೆಯಿಂದ ಮುಖ ಎತ್ತಲಿಲ್ಲ.

"ಯುಗಾದಿ ತನಕ ಟೈಮ್ ಸಿಕ್ಕಿತ್ತಲ್ಲಬೇ. ಅಷ್ಟರಾಗ ಅಪ್ಪನ ಮನಸು ಬದಲಾದೀತು ಅಂದ್ಕೊಂಡಿದ್ದೆ."